ಮೇಣದಲ್ಲಿ ಕುಳಿತ ಕರುಳಿನ ಚೂರು

ನಾನು ಅಕ್ಕಿಕಾಳಿಗಿಂತ ಚಿಕ್ಕದೊಂದು ಚೂರು. ಹುಟ್ಟಿದ್ದು ಗದಗಿನ ಬಸ್ ಕಂಡಕ್ಟರ್ ನೀಲಗಂಗಾಳ ದೊಡ್ಡ ಕರುಳಿನ ಒಳಪದರದಲ್ಲಿ. ಅಲ್ಲಿ ನಮ್ಮದು ಅಚ್ಚುಕಟ್ಟಾದ ಸಂಸಾರ. ಸಣ್ಣ ಸಣ್ಣ ಕುಳಿಗಳು ಸಾಲಾಗಿ ನಿಂತು ನೀರು ಹೀರುತ್ತಿದ್ದವು, ಲೋಳೆ ಸುರಿಸಿ ಗೋಡೆ ಕಾಯುತ್ತಿದ್ದವು. ನಾಲ್ಕೈದು ದಿನಕ್ಕೊಮ್ಮೆ ಹಳೆಯ ಜೀವಕೋಶಗಳು ಉದುರಿ ಹೊಸವು ಬರುತ್ತಿದ್ದವು.

ಅವಳಿಗೆ ಮೂವತ್ತಾದಾಗ, ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ನಮ್ಮ ಮೇಲೆ ಏರಿಬಂದವು. ಯಾಕೆಂದು ನನಗಿಂದಿಗೂ ತಿಳಿಯದು. ಗೋಡೆ ಹುಣ್ಣಾಯಿತು, ರಕ್ತ ಸೋರಿತು. ಅವಳು ಮೂಲವ್ಯಾಧಿ ಎಂದುಕೊಂಡು ವರ್ಷಗಟ್ಟಲೆ ಖಾರ ಬಿಟ್ಟಳು. ಪಾಪದ ಖಾರ, ಅದೇನು ಮಾಡಿತ್ತು! ಹೊಟ್ಟೆ ಹಿಡಿದು ಅವಳು ಸೀಟಿ ಊದಿದರೆ ಡ್ರೈವರ್ ರಾಜೇಸಾಬ ಏನೂ ಕೇಳದೆ ಶೌಚಾಲಯವಿದ್ದ ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಲ್ಲಿಸುತ್ತಿದ್ದ. ಪ್ರಯಾಣಿಕರು ಗೊಣಗುತ್ತಿದ್ದರು.

ಕೊನೆಗೆ ಡಾಕ್ಟರ್ ಇನಾಮದಾರ ಇದು ಕರುಳಿನ ಉರಿಯೂತ ಎಂದು ಮಾತ್ರೆ ಕೊಟ್ಟರು. ರಕ್ತ ನಿಂತ ದಿನವೇ ಅವಳು ಮಾತ್ರೆಯನ್ನೂ ನಿಲ್ಲಿಸಿದಳು. ಮತ್ತೆ ಉರಿ, ಮತ್ತೆ ಮಾತ್ರೆ. ಹೀಗೇ ಹನ್ನೆರಡು ವರ್ಷ ಕಳೆಯಿತು. ಪ್ರತಿ ಸಲವೂ ನಾವು ಅವಸರದಲ್ಲಿ ಗೋಡೆ ಕಟ್ಟಿದೆವು. ಕುಳಿಗಳು ಸೊಟ್ಟಗಾದವು, ಕವಲೊಡೆದವು, ಲೋಳೆ ಬತ್ತಿತು. ಬರಬರುತ್ತಾ ನನ್ನ ಜೀವಕೋಶಗಳೊಳಗಿನ ಕೋಶಕೇಂದ್ರಗಳು ಊದಿ, ಒಂದರ ಮೇಲೊಂದು ಏರತೊಡಗಿದವು. ವಿಚಿತ್ರವೆಂದರೆ ಆಗ ಅವಳಿಗೆ ನೋವೇ ಇರಲಿಲ್ಲ. ನನಗೆ ಭಯವಾಗಿದ್ದು ಆಗಲೇ.

ಆರಾಮವಿದ್ದರೂ ವರ್ಷಕ್ಕೊಮ್ಮೆ ಒಳಗೆ ನೋಡಬೇಕೆಂದು ಡಾಕ್ಟರ್ ಹೇಳಿ ಹೇಳಿ ಸಾಕಾಗಿದ್ದರು. ಕಡೆಗೊಂದು ದಿನ ರಾಜೇಸಾಬನೇ ಅವಳನ್ನು ಒತ್ತಾಯಿಸಿ ಕರೆತಂದ. ಕ್ಯಾಮೆರಾ ಕೊಳವೆಯ ತುದಿಯ ಚಿಮಟ ನನ್ನನ್ನು ಕಿತ್ತಿತು. ಸೀಸೆಯ ಔಷಧಿಯಲ್ಲಿ ನನ್ನ ಜೀವ ಹೋಯಿತು. ಮೇಣದಲ್ಲಿ ಹೂತು, ತೆಳುವಾಗಿ ಕೊಯ್ದು, ಗಾಜಿನ ಮೇಲೆ ಬಣ್ಣ ಹಾಕಿದರು. ಲ್ಯಾಬಿನ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಇನಾಮದಾರರನ್ನು ಕರೆಸಿ, ಇದು ಕ್ಯಾನ್ಸರಿಗೆ ಮುಂಚಿನ ಮೆಟ್ಟಿಲು ಎಂದರು. ಇನಾಮದಾರರು ಅಲ್ಲಿಂದಲೇ ಫೋನ್ ಮಾಡಿದರು. ಬಸ್ಸಿನ ಗದ್ದಲದಲ್ಲಿ ನೀಲಗಂಗಾಳ ದನಿ ಕೇಳಿತು.

"ನಾ ಈಗ ಭಾಳ ಆರಾಮ ಅದೀನ್ರಿ ಸರ್. ಬಂಕಿನ ಮುಂದ ಬಸ್ ನಿಲ್ಸದ ಎರಡ ವರ್ಷ ಆತು. ಮದಿವಿ ಸೀಜನ್ ಮುಗೀಲಿ, ಬರ್ತೀನಿ."

ಇವತ್ತೇ ಬನ್ನಿ ಎಂದು ಡಾಕ್ಟರ್ ಹೇಳುವಷ್ಟರಲ್ಲಿ ಎರಡು ಸಲ ಸೀಟಿ ಊದಿದ ಸದ್ದಾಗಿ ಫೋನ್ ಕಟ್ ಆಯಿತು.

ಮದುವೆ ಸೀಜನ್ ಮುಗಿದು ತಿಂಗಳಾಯಿತು. ನನ್ನನ್ನು ನಂಬರ್ ಹಚ್ಚಿ ಕಪಾಟಿನಲ್ಲಿಟ್ಟಿದ್ದಾರೆ. ಡಾಕ್ಟರ್ ಇನ್ನೂ ಫೋನ್ ಮಾಡುತ್ತಲೇ ಇದ್ದಾರಂತೆ. ಈ ಮೇಣದಲ್ಲಿ ನನ್ನ ಬೆಳವಣಿಗೆ ನಿಂತುಹೋಗಿದೆ. ಅವಳೊಳಗೆ ನನ್ನ ಪಕ್ಕದಲ್ಲಿದ್ದವರನ್ನು ಇನ್ನೂ ಯಾರೂ ನಿಲ್ಲಿಸಿಲ್ಲ.