ವಾಪಸ್ ಕೇಳುವ ಉಮಾಮಹೇಶ್ವರಿ

ಉಮಾಮಹೇಶ್ವರಿಯವರಿಗೆ ಏನನ್ನಾದರೂ ಕೊಡುವುದು ಸುಲಭ. ಅವರು ಕೊಟ್ಟದ್ದನ್ನು ಇಟ್ಟುಕೊಂಡು ಜೋಪಾನ ಮಾಡುವುದಕ್ಕೆ ಮಾತ್ರ ಎದೆಗಾರಿಕೆ ಬೇಕು. ಯಾಕೆಂದರೆ ತಮಗೆ ಆ ವಸ್ತುವಿನ ಅಗತ್ಯ ಎಳ್ಳಷ್ಟೂ ಇಲ್ಲದಿದ್ದರೂ, ಹೇಳದೆ ಕೇಳದೆ ಒಂದು ದಿನ ಬಂದು ನಿಂತು, ಅದನ್ನು ವಾಪಸ್ ಕೇಳಿಯೇ ಕೇಳುತ್ತಾರೆ. ತಂದು ತೋರಿಸಿದರೆ ಒಮ್ಮೆ ಕಣ್ಣಾಡಿಸಿ, ಮತ್ತೆ ತಂದವರ ಕೈಯಲ್ಲೇ ಇಟ್ಟು ಹೊರಟುಬಿಡುತ್ತಾರೆ. ಇದನ್ನು ಅನುಮಾನದ ಬುದ್ಧಿ ಎಂದು ಕರೆದು ಮುಖ ಊದಿಸಿಕೊಂಡ ನೆಂಟರಿಷ್ಟರು ದಾವಣಗೆರೆಯಲ್ಲಿ ಬೇಕಾದಷ್ಟಿದ್ದಾರೆ.

ನಿಜಲಿಂಗಪ್ಪ ಬಡಾವಣೆಯಲ್ಲಿ ಅವರ ಮನೆ. ಮನೆಯ ಮುಂದಿನ ಕೋಣೆಯೇ ಕಚೇರಿ. ಹರಿಹರದ ಮಗ್ಗುಲಿಗಿರುವ ಗುತ್ತೂರಿನಲ್ಲಿ ಪಂಪುಗಳ ಬಿಡಿಭಾಗ ಕಡೆಯುವ ವರ್ಕ್‌ಶಾಪು. ಇಳಕಲ್ ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಳಿಸಿ, ಹಿಮ್ಮಡಿಯನ್ನು ಊರಿ ಊರಿ ಇಡುವ ಆ ಗಂಭೀರ ನಡಿಗೆಯಲ್ಲಿ ಅವರು ಯಂತ್ರಗಳ ನಡುವೆ ಹಾದುಬರುವಾಗ, ತಮ್ಮ ಕೈಗೆ ಈಚೆಗೆ ಏನೇನು ಬಂದಿತ್ತು ಎಂದು ಕೆಲಸಗಾರರೆಲ್ಲ ಮನಸ್ಸಿನಲ್ಲೇ ತಡಕಾಡುತ್ತಾರೆ. ಮಾಲು ಸಾಗಿಸುವ ಮಸ್ತಾನಸಾಬರಂತೂ ಅವರನ್ನು ಟೆಂಪೋಕ್ಕೆ ಹತ್ತಿಸಿಕೊಳ್ಳುವ ಮುಂಚೆ ಸ್ಟೆಪ್ನಿಯನ್ನು ನೆಲಕ್ಕಿಳಿಸಿ ತೋರಿಸಬೇಕು.

"ಸ್ಟೆಪ್ನಿ ಐತ್ರಿ ಅಕ್ಕಾರೇ, ಕಣ್ಣಿಗೇ ಕಾಣ್ತೈತಲ್ಲ" ಎಂದು ಅವರು ಒಮ್ಮೆ ಗೋಗರೆದರು.

"ಐತೆ ಅನ್ನಾದು ಬ್ಯಾರೆ ಸಾಬ್ರೇ, ಹಾಕಿದ್ರೆ ಓಡ್ತೈತೆ ಅನ್ನಾದು ಬ್ಯಾರೆ. ಇಳಿಸ್ರಿ."

ಇಳಿಸಿ ನೋಡಿದರೆ ಅದರಲ್ಲಿ ಗಾಳಿಯೇ ಇರಲಿಲ್ಲ. ಸಾಬರು ಕಿವಿ ಹಿಡಿದುಕೊಂಡು ನಕ್ಕರು, ಪಂಕ್ಚರ್ ಹಾಕಿಸಿಕೊಂಡು ಬಂದರು.

ಇಂಥ ಹೆಣ್ಣುಮಗಳು ಜೀವಮಾನದಲ್ಲಿ ವಾಪಸ್ ಕೇಳದೆ ಬಿಟ್ಟದ್ದು ಒಂದೇ ಒಂದು ವಸ್ತು, ಮತ್ತು ಕೈ ಕೊಟ್ಟದ್ದೂ ಅದೇ. ವರ್ಕ್‌ಶಾಪಿನ ಡ್ರಾಯಿಂಗುಗಳು, ಯಂತ್ರಕ್ಕೆ ಉಣಿಸುವ ಪ್ರೋಗ್ರಾಮುಗಳು ಎಲ್ಲವೂ ಕಂಪ್ಯೂಟರಿನಲ್ಲಿದ್ದವು. ಅವನ್ನೆಲ್ಲ ನೋಡಿಕೊಳ್ಳುವವನು ಅಂಜನ್ ಕುಮಾರ್. ಮಾಯಕೊಂಡದಿಂದ ದಿನಾ ರೈಲಿನಲ್ಲಿ ಬಂದು ಹೋಗುವ, ಮಾತು ಕಡಿಮೆಯ, ಕೈಕೆಲಸ ಅಚ್ಚುಕಟ್ಟಾದ ಹುಡುಗ. ಪ್ರತಿ ಶನಿವಾರ ತಪ್ಪದೆ ಎಲ್ಲವನ್ನೂ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿಡುತ್ತಿದ್ದ. ಮಳೆಗಾಲದ ಆರಂಭದಲ್ಲೊಂದು ದಿನ ಕರೆಂಟು ಹೋಗಿ ಬಂದು, ಹೋಗಿ ಬಂದು, ಮುಖ್ಯ ಕಂಪ್ಯೂಟರು ಸುಟ್ಟುಹೋಯಿತು. ಡಿಸ್ಕು ತೆರೆದು ನೋಡಿದರೆ ಅದರಲ್ಲಿದ್ದವು ಬರೀ ಶಾರ್ಟ್‌ಕಟ್‌ಗಳು. ಮನೆಯ ಸಾಮಾನು ಸಾಗಿಸುವ ಬದಲು ಮನೆಯ ವಿಳಾಸವನ್ನು ಬರೆದಿಟ್ಟುಕೊಂಡಂತೆ, ಪರದೆಯ ಮೇಲಿನ ಗುರುತುಗಳನ್ನಷ್ಟೇ ಅವನು ಇಷ್ಟು ಕಾಲವೂ ನಿಷ್ಠೆಯಿಂದ ಎಳೆದು ಹಾಕುತ್ತಿದ್ದ. ಹಳೆಯ ಬಿಡಿಭಾಗಗಳನ್ನು ಗಿರಾಕಿಗಳಿಂದ ಬೇಡಿ ತಂದು, ಅಳತೆ ತೆಗೆದು, ಡ್ರಾಯಿಂಗುಗಳನ್ನು ಮೊದಲಿನಿಂದ ಬರೆಯಬೇಕಾಯಿತು.

ಉಮಾಮಹೇಶ್ವರಿಯವರ ತಂಗಿಯ ಮಗ ಕೊಟ್ಟೂರೇಶ್, ಊರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ತಡಮಾಡಲಿಲ್ಲ. "ಮೊದ್ಲು ಅವನ್ನ ಕೆಲಸದಿಂದ ತಗೀರಿ ದೊಡ್ಡಮ್ಮ" ಎಂದ.

"ಅವನ್ನ ಯಾಕ ತಗೀಲಿ? ಇಡು ಅಂದೆ, ಇಟ್ಟ. ತೋರ್ಸು ಅಂತ ನಾನು ಕೇಳ್ಲಿಲ್ಲ. ಕಂಪ್ಯೂಟರ್ ಅಂದ್ರೆ ನಂಗೊಂದು ಅಂಜಿಕೆ."

ಕೆಲಸ ಉಳಿಯಿತು. ಆದರೆ ಅಂದಿನಿಂದ ಅವರು ಅಂಜನ್‌ನನ್ನು ಏನನ್ನೂ ಕೇಳುವುದನ್ನು ಬಿಟ್ಟರು. ಬೈಗುಳವಿಲ್ಲ, ಬಿಗುಮುಖವಿಲ್ಲ, ಎಲ್ಲರ ಮೇಜಿನ ಬಳಿಯೂ ನಿಲ್ಲುವ ಖಾಕಿ ಕೋಟು ಅವನ ಮೇಜನ್ನು ದಾಟಿ ಮುಂದೆ ಹೋಗುತ್ತಿತ್ತು. ತಾನು ಇಲ್ಲಿ ಇದ್ದೂ ಇಲ್ಲದವನಾದೆ ಎಂದು ಅವನಿಗೆ ಅರ್ಥವಾಯಿತು. "ಬೈದಿದ್ರೆ ಉಂಡು ಮಲಗ್ತಿದ್ದೆ ಸಾಬ್ರೇ. ಏನೂ ಕೇಳಾದೇ ಬಿಟ್ಟಾರೆ. ಬ್ಯಾರೆ ಕಡೆ ಕೆಲಸ ನೋಡ್ತೀನಿ" ಎಂದು ಮಸ್ತಾನಸಾಬರ ಮುಂದೆ ಅತ್ತೂಬಿಟ್ಟನಂತೆ. ಆ ವಿಷಯವನ್ನು ನನಗೆ ಹೇಳಿದವರು ಸಾಬರೇ.

ಇತ್ತ ಕಚೇರಿಯ ಮತ್ತು ವರ್ಕ್‌ಶಾಪಿನ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೆ ಕ್ಲೌಡಿನಲ್ಲಿ ಬ್ಯಾಕಪ್ ಮಾಡಿಸಬೇಕೆಂದು ಉಮಾಮಹೇಶ್ವರಿ ನಿಶ್ಚಯಿಸಿದರು. ಕೊಟ್ಟೂರೇಶ್ ಮೊದಲಿಗ. ಇಲ್ಲಿ ಇಟ್ಟದ್ದು ಅಲ್ಲಿಯೂ ಕಾಣುವಂಥ ಒಂದು ವ್ಯವಸ್ಥೆಯನ್ನು ಪುಕ್ಕಟೆಯಾಗಿಯೇ ಜೋಡಿಸಿ ಕೊಟ್ಟು ಬೀಗುತ್ತ ನಿಂತ. ಇವರು ಗುತ್ತೂರಿನಲ್ಲಿ ಒಂದು ಫೋಲ್ಡರನ್ನು ಬೇಕೆಂದೇ ಅಳಿಸಿ ದಾವಣಗೆರೆಗೆ ಫೋನು ಮಾಡಿದರೆ, ಅಲ್ಲಿಯೂ ಅದು ಮಾಯ. "ಇದು ಕನ್ನಡಿ ಕಣಪ್ಪ, ಪೆಟ್ಟಿಗೆ ಅಲ್ಲ. ನಾನು ಕುಂಕುಮ ಅಳಿಸ್ಕೊಂಡ್ರೆ ಅದೂ ಅಳಿಸ್ಕೊಂತೈತೆ" ಎಂದರು. ಅವನು ಮುನಿಸಿಕೊಂಡು ಚಹಾ ಕುಡಿಯದೆ ಎದ್ದುಹೋದ.

ಆಮೇಲೆ ಬಂದವರೆಲ್ಲ ಎಷ್ಟು ಜಾಗ ಕೊಡುತ್ತೇವೆ, ಎಷ್ಟು ಭದ್ರ ಎಂದು ಹೊಗಳಿಕೊಂಡರೆ, ಇವರದು ಒಂದೇ ಪಲ್ಲವಿ: "ಇಡಾದು ಇರ್ಲಿ, ವಾಪಸ್ ಬರಾದು ಹೆಂಗೆ?" ಅಳಿಸಿದ್ದನ್ನು ಒಂದು ತಿಂಗಳು ಕಾದಿಡುತ್ತೇವೆ ಎಂದವರನ್ನು, "ಎರಡನೇ ತಿಂಗ್ಳು ನೆನಪಾದ್ರೆ?" ಎಂದು ಕೇಳಿ ಕಳಿಸಿದರು. ಇನ್ನೊಬ್ಬರನ್ನು, ಗುತ್ತೂರಿನ ಇಂಟರ್‌ನೆಟ್ಟಿನಲ್ಲಿ ಎಲ್ಲವೂ ಮರಳಿ ಇಳಿಯಲು ಎಷ್ಟು ದಿನ ಬೇಕೆಂದು ಕೇಳಿದಾಗ, ಆ ಕಡೆ ವಿಡಿಯೋ ಕರೆಯಲ್ಲಿದ್ದವನು ಉತ್ತರಕ್ಕಾಗಿ ಮೇಲಿನವರನ್ನು ಹುಡುಕಿಕೊಂಡು ಹೋದ. ಕೊನೆಗೆ ಒಂದು ಕಂಪನಿ, ಹಳೆಯ ಪ್ರತಿಗಳನ್ನು ವರ್ಷಗಟ್ಟಲೆ ಇಡುತ್ತೇವೆ, ಆತುರಕ್ಕೆ ಬೇಕಾದ್ದರ ಒಂದು ನಕಲು ನಿಮ್ಮ ಕಚೇರಿಯಲ್ಲೂ ಇರಲಿ ಎಂದಿತು. ಉಮಾಮಹೇಶ್ವರಿ ಒಂದು ಖಾಲಿ ಕಂಪ್ಯೂಟರಿಗೆ ಡ್ರಾಯಿಂಗು, ಪ್ರೋಗ್ರಾಮುಗಳನ್ನು ವಾಪಸ್ ತರಿಸಿ, ಯಂತ್ರಕ್ಕೆ ಕೊಟ್ಟು, ಕಡೆದ ಬುಷ್ಷು ಎಂಬ ಬಿಡಿಭಾಗವನ್ನು ಗೇಜಿನಿಂದ ಅಳೆದು, ಸರಿಯಾಗಿದೆ ಎಂದು ಕಂಡ ಮೇಲಷ್ಟೇ ಹೂಂ ಎಂದದ್ದು.

ಅಷ್ಟರಲ್ಲಿ ಕಂಪನಿಯವರು ಒಂದು ಮಾತು ಸೇರಿಸಿದರು. ಈ ದಾಸ್ತಾನಿಗೆಲ್ಲ ಒಂದು ಗುಪ್ತಸಂಕೇತವಿದೆ. ಅದನ್ನು ನೀವು ಕಳೆದುಕೊಂಡರೆ ತೆರೆಯುವುದು ನಮ್ಮ ಕೈಯಲ್ಲೂ ಇಲ್ಲ ಎಂದರು. ಉಮಾಮಹೇಶ್ವರಿ ಅದನ್ನು ಎರಡು ಪೆನ್‌ಡ್ರೈವಿಗೆ ಹಾಕಿಸಿದರು. ಒಂದು ಬ್ಯಾಂಕಿನ ಲಾಕರಿಗೆ ಹೋಯಿತು. ಇನ್ನೊಂದಕ್ಕೆ, ಮುನಿಸು ಮರೆತು ಬಂದ ಕೊಟ್ಟೂರೇಶ್ ಕೈ ಚಾಚಿದ: "ನಾನು ಮನಿ ಮನುಷ್ಯ ಅದೀನಿ, ನಂಗೆ ಕೊಡ್ರಿ."

ಉಮಾಮಹೇಶ್ವರಿ ಯಂತ್ರಗಳ ನಡುವೆ ನಡೆದುಹೋಗಿ ಅದನ್ನು ಅಂಜನ್‌ನ ಮೇಜಿನ ಮೇಲಿಟ್ಟರು. "ಇದು ನಿನ್ನ ಹತ್ರ ಇರ್ಲಿ." ಅಷ್ಟೇ ಮಾತು.

ಹುಡುಗನಿಗೆ ನೆಮ್ಮದಿಯಾಗಲಿಲ್ಲ. ಕೊಟ್ಟದ್ದು ಕನಿಕರಕ್ಕೋ ಏನೋ ಎಂದು ಕೊರಗುತ್ತಲೇ ಇದ್ದ, ಯಾಕೆಂದರೆ ದಿನಗಳು ಉರುಳಿದರೂ ಅವರು ಆ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಸೋಮವಾರ, ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ, ಖಾಕಿ ಕೋಟು ಅವನ ಮೇಜಿನ ಮುಂದೆ ನಿಂತಿತು.

"ಅಂಜನ್, ಎಲ್ಲೈತೆ ಅದು? ತಗಿ ನೋಡಾಣ. ಹೋದ ತಿಂಗ್ಳಿನ ಡ್ರಾಯಿಂಗ್ ಒಂದು ವಾಪಸ್ ತರ್ಸು."

"ಈಗ್ಲೇ ತೋರಿಸ್ತೀನ್ರಿ ಅಕ್ಕಾರೇ" ಎಂದು ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿಬಿತ್ತು. ಡ್ರಾಯಿಂಗು ಪರದೆಯ ಮೇಲೆ ಬರುವಷ್ಟರಲ್ಲಿ ಅವನ ಕಣ್ಣು ಮಂಜಾಗಿ, ಬಂದದ್ದನ್ನು ಓದಿ ಹೇಳಿದವರು ಉಮಾಮಹೇಶ್ವರಿಯವರೇ.

ಕೇಳದೆ ಬಿಡುವುದೇ ನಂಬಿಕೆಯ ಲಕ್ಷಣವೆಂದು ನಾವು ಬಹುಮಂದಿ ತಿಳಿದಿದ್ದೇವೆ. ಕೇಳಿದರೆ ಎಲ್ಲಿ ನೊಂದುಕೊಳ್ಳುತ್ತಾರೋ ಎಂದು ಅಳುಕಿ, ಅದಕ್ಕೆ ಸೌಜನ್ಯ ಎಂದು ಹೆಸರಿಡುತ್ತೇವೆ. ಉಮಾಮಹೇಶ್ವರಿಯಂಥವರಿಗೆ ಆ ಸೌಜನ್ಯ ಬರುವುದಿಲ್ಲ. ಅವರು ಕೇಳಿ ಕೇಳಿ ಜೀವ ಹಿಂಡುತ್ತಾರೆ, ನಿಜ. ಆದರೆ ಯಾರ ಕೈಯಲ್ಲಿ ಏನಾದರೂ ಉಳಿದೀತು ಎಂಬ ಭರವಸೆ ಇದೆಯೋ ಅವರನ್ನಷ್ಟೇ ಕೇಳುತ್ತಾರೆ. ಅವರು ಯಾರನ್ನು ಏನೂ ಕೇಳದೆ ದಾಟಿಹೋಗುತ್ತಾರೋ, ಅಳಬೇಕಾದವರು ಅವರು.