ಕೊನೆಯ ಡಬ್ಬಿ

ಚಿಕ್ಕ ಕತ್ತರಿಯ ಬಾಯಿಗೆ ಬಿಳಿ ಪುಡಿ ಅಂಟಿತ್ತು. ಸೀಮೆಸುಣ್ಣವಿರಬೇಕು ಎಂದುಕೊಂಡು ಒರೆಸಲು ಹೋದ ಸೊಸೆ ಅಲ್ಲೇ ನಿಂತಳು. ಈ ವಾರವೆಲ್ಲ ಅವಳು ಹೊಲಿಯುತ್ತಿದ್ದದ್ದು ಶಾಲೆಯ ಬಿಳಿ ಅಂಗಿಗಳನ್ನು. ಗುರುತು ಹಾಕಿದ್ದು ನೀಲಿ ಸುಣ್ಣದಲ್ಲಿ.

"ಅತ್ತೆ, ನನ್ನ ಕತ್ತರಿ ತಗೊಂಡಿದ್ರಾ?"

"ಉಗುರು ಕತ್ತರಿಸ್ಕೊಂಡೆ ಕಣೇ. ಯಾಕೆ, ಸವೆದುಹೋಯ್ತಾ?" ಒಳಕೋಣೆಯಿಂದ ಅತ್ತೆ ರೇಗಿಸಿದರು. ತಲೆನೋವೆಂದು ಎರಡು ದಿನದಿಂದ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದರು. ಬೆಳಿಗ್ಗೆ ಲೋಟ ಕೈಜಾರಿದಾಗ "ಲೋಟಕ್ಕೂ ನನ್ನ ಕಂಡ್ರೆ ಆಗಲ್ಲ" ಎಂದು ನಕ್ಕಿದ್ದರು.

ಗಂಡನ ಕಾರ್ಖಾನೆ ವಾರಕ್ಕೆ ಮೂರೇ ದಿನ ತೆರೆಯತೊಡಗಿದಾಗ, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಜವಾಬ್ದಾರಿ ಹೊತ್ತವರು ಅತ್ತೆಯೇ. ಅಡುಗೆಮನೆಯ ಹಲಗೆಯ ಮೇಲೆ ಐದು ಡಬ್ಬಿ ಸಾಲಾಗಿಟ್ಟರು: ಬಾಡಿಗೆ, ದಿನಸಿ, ಕರೆಂಟು, ಮೊಮ್ಮಗಳ ಶಾಲೆ, ಔಷಧಿ. ಬಂದ ದುಡ್ಡನ್ನು ಎಡದಿಂದ ತುಂಬುತ್ತ ಬರಬೇಕು, ಕೈ ಬರಿದಾದಲ್ಲಿ ನಿಲ್ಲಬೇಕು. ಸೊಸೆ ಔಷಧಿಯ ಡಬ್ಬಿಯನ್ನು ಮುಂದೆ ತಂದಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಮತ್ತೆ ಕೊನೆಗೆ ಹೋಗಿರುತ್ತಿತ್ತು.

"ಕರೆಂಟು ಹೋದ್ರೆ ನಿನ್ನ ಮಷಿನ್ ನಿಲ್ಲುತ್ತೆ. ಮಷಿನ್ ನಿಂತ್ರೆ ಮನೆ ನಿಲ್ಲುತ್ತೆ. ನಂದೇನು, ಗಟ್ಟಿ ಪಿಂಡ. ಮಾತ್ರೆ ಇನ್ನೂ ಬೇಕಾದಷ್ಟಿದೆ, ಹೋಗು."

ಎರಡು ತಿಂಗಳಿಂದ ಆ ಡಬ್ಬಿಗೆ ಏನೂ ಬಿದ್ದಿರಲಿಲ್ಲ. ಮಾತ್ರೆ ನಿಜಕ್ಕೂ ಇದೆಯೇ ಎಂದು ಸೊಸೆ ತೆರೆದು ನೋಡಿರಲಿಲ್ಲ. ನಂಬುವುದು ಅವಳಿಗೂ ಅನುಕೂಲವಾಗಿತ್ತು.

ಈಗ ಹೋಗಿ, ಮಾತ್ರೆಗಳನ್ನೂ ಇಡುತ್ತಿದ್ದ ಆ ಡಬ್ಬಿಯ ಮುಚ್ಚಳ ತೆರೆದಳು. ರಕ್ತದೊತ್ತಡದ ಮಾತ್ರೆಗಳು ಅರ್ಧ ಕೂಡ ಅಲ್ಲ, ಕಾಲು ಕಾಲು ಚೂರಾಗಿದ್ದವು. ಎಲ್ಲ ಒಂದೇ ಅಳತೆ. ದಿನದ ಮಾತ್ರೆ ತಪ್ಪಿದರೆ ಲಕ್ವ ಹೊಡೆದು ಕೈಕಾಲು ಬಿದ್ದುಹೋಗಬಹುದು ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದು ಇವಳಿಗೇ. ತನ್ನ ಮೇಲೇ ಅಸಹ್ಯವಾಯಿತು. ಕರೆಂಟಿನ ಡಬ್ಬಿಯನ್ನು ಅಂಗೈಗೆ ಬೋರಲು ಹಾಕಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿಯ ತುದಿಯ ಔಷಧಿ ಅಂಗಡಿಗೆ ಓಡಿದಳು.

ಏದುಸಿರು ಬಿಡುತ್ತ ಬಂದಾಗ ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು.

"ಕರೆಂಟಿನ ದುಡ್ಡು ಮುಟ್ಟಿದ್ಯಾ?"

"ಬೈಯೋದಿದ್ರೆ ಆಮೇಲೆ ಬೈಯಿರಿ. ಮೊದಲು ಇದನ್ನ ನುಂಗಿ. ಇಡೀದು."

"ಹಟಮಾರಿ. ಕೊಡು ಇಲ್ಲಿ, ನಿನ್ನ ಸಮಾಧಾನಕ್ಕೆ." ಮಾತು ಯಾಕೋ ತೊದಲಿತು.

ಬಲಗೈ ಮಂಚಕ್ಕೆ ಊರಿ ಅವರು ಚಾಚಿದ ಎಡಗೈಯಲ್ಲಿ ಸೊಸೆ ಮಾತ್ರೆ ಇಟ್ಟಳು. ಬೆರಳುಗಳು ಮಡಚಲಿಲ್ಲ. ಮಾತ್ರೆ ಜಾರಿ ನೆಲಕ್ಕೆ ಬಿದ್ದು, ಉರುಳುತ್ತ ಬಾಗಿಲು ದಾಟಿ ಹೋಗಿ ಹೊಲಿಗೆ ಮಷಿನ್ನಿನ ಕಾಲಿಗೆ ತಾಗಿ ನಿಂತಿತು.

ಅದು ಬಿದ್ದದ್ದು ಅತ್ತೆಗೆ ಗೊತ್ತೇ ಆಗಲಿಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದು, ಖಾಲಿ ಅಂಗೈಯನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಲೋಟದ ನೀರು ಕುಡಿದರು. ನೀರು ತುಟಿಯ ಒಂದೇ ಕಡೆಯಿಂದ ಇಳಿದು ಕೊರಳನ್ನು ತೋಯಿಸುತ್ತಿತ್ತು.

"ನುಂಗಿದೆ," ಎಂದರು. "ಈಗ ಸರಿಹೋಯ್ತಾ?"