ಮಂಡಿಗೆಂದು ಬೆಳೆಸಿದ ಹೊಟ್ಟೆ

ತಣ್ಣಗಿನ ಎರಡು ಬೆರಳು ನನ್ನ ಹೊಟ್ಟೆಯನ್ನು ಚಿವುಟಿ ಹಿಡಿದಿವೆ, ಡಾಕ್ಟರಮ್ಮನ ಬೆರಳು, ಹಿಡಿಯಲಿ, ಎರಡು ಕೈಯಲ್ಲೂ ಹಿಡಿಯಲಿ, ಇಂಥ ಹೊಟ್ಟೆ ಈ ಆಸ್ಪತ್ರೆ ಕಟ್ಟಿದಾಗಿನಿಂದ ಈ ಮಂಚದ ಮೇಲೆ ಮಲಗಿರಲಿಕ್ಕಿಲ್ಲ, ಎಂಟು ತಿಂಗಳಲ್ಲಿ ಇಪ್ಪತ್ತೆರಡು ಕೇಜಿ, ಹೋದ ಸಲ ಬಂದಾಗ ನಾನು ಕಡ್ಡಿ ಮೇಸ್ತ್ರಿ, ಗಾಳಿಗೆ ಹಾರಿಹೋಗದ ಹಾಗೆ ಹೆಂಡತಿ ಜೇಬಿಗೆ ಕಲ್ಲು ಹಾಕಿ ಕಳಿಸಬೇಕಿತ್ತು, ಆದರೂ ನಾನು ಹಾಕಿದ ಟೈಲ್ಸನ್ನು ಸಾಲಾಗಿ ಜೋಡಿಸಿದರೆ ಚಂದ್ರನಿಗೆ ಹೋಗಿ ಊಟ ಮುಗಿಸಿ ವಾಪಸ್ ಬರಬಹುದು, ಇಪ್ಪತ್ತೆಂಟು ವರ್ಷ ಮಂಡಿಯ ಮೇಲೇ ಓಡಾಡಿದವನು, ಪಾದ ಸುಮ್ಮನೆ ಜೊತೆಗೆ ಬರುತ್ತಿತ್ತು — ಅದಕ್ಕೇ ಮಂಡಿ ಸವೆದಿದೆ, ಅಂದಿದ್ದರು ಡಾಕ್ಟರಮ್ಮ ಅವತ್ತು, ನಿಮ್ಮ ಹೊಟ್ಟೆಯ ಕೊಬ್ಬನ್ನೇ ತೆಗೆದು, ಸೋಸಿ, ಮಂಡಿಗೆ ಚುಚ್ಚಿ ನೋಡೋಣ, ಮುಂದಿನ ವಾರ ಬನ್ನಿ, ಆದರೆ ನಿಮ್ಮಲ್ಲಿ ಕೊಬ್ಬು ಎಲ್ಲಿದೆ ಮೇಸ್ತ್ರಿ ಅಂತ ನಕ್ಕಿದ್ದರು, ಹೆಂಡತಿ ನಗಲಿಲ್ಲ, ಕೊಬ್ಬು ತಾನೇ, ಅದು ನನಗೆ ಬಿಡಿ ಅಂದಳು, ಮುಂದಿನ ವಾರ ಹೋಗಿ ಎಂಟು ತಿಂಗಳಾಯಿತು, ಬೆಳಿಗ್ಗೆ ಆರು ಮೊಟ್ಟೆ, ಬೆಣ್ಣೆಯ ಮೇಲೆ ಬೆಣ್ಣೆ, ನುಂಗಿ ರೀ, ಇದು ಊಟ ಅಲ್ಲ, ಔಷಧಿ, ಮಂಡಿಯೊಳಗೆ ಕರಕರ ಅನ್ನುತ್ತಿತ್ತು, ಅನ್ನಲಿ, ಸರಕು ತಯಾರಾಗುತ್ತಿದೆ, ಒಂದು ಮಂಡಿಗಲ್ಲ, ಇಡೀ ಬೀದಿಯ ಮಂಡಿಗಳಿಗೆ ಹಂಚಿ ಮಿಗುವಷ್ಟು —

ಬೆರಳು ಹೊಟ್ಟೆ ಬಿಟ್ಟವು. ದಪ್ಪ ಆಗೋಕೆ ಯಾರು ಹೇಳಿದ್ರು ನಿಮಗೆ, ನಾನು ಹೆಂಡತಿಯ ಕಡೆ ನೋಡುತ್ತೇನೆ, ಸ್ಟೂಲಿನ ಮೇಲೆ ಬಹುಮಾನ ತಗೊಳ್ಳೋಕೆ ಬಂದವಳ ಹಾಗೆ ಕೂತಿದ್ದಾಳೆ, ಸಾಲ್ದಾ ಡಾಕ್ಟ್ರೇ, ಇನ್ನೊಂದು ತಿಂಗಳು ಕೊಡಿ, ಅಮ್ಮಾ, ನಾಲ್ಕು ಚಮಚ ಸಾಕಿತ್ತು, ಅಷ್ಟು ಇವರಲ್ಲಿ ಆಗಲೇ ಇತ್ತು, ನಾನು ತಮಾಷೆಗೆ ಅಂದಿದ್ದು — ಗೋಡೆಯ ಗಾಜಿನ ಹಿಂದೆ ದೀಪ ಹತ್ತಿತು, ಎರಡು ಎಕ್ಸ್‌ರೇ, ಅವತ್ತಿನದರಲ್ಲಿ ಎರಡು ಮೂಳೆಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ, ಮೂಳೆಗೆ ಮೂಳೆ ತಾಗದ ಸಂದು, ಇವತ್ತಿನದರಲ್ಲಿ ಬಿಳಿ, ಬಿಳಿಯ ಮೇಲೆ ಬಿಳಿ, ಸವೆದ ಮಂಡಿ ಮೇಲೆ ಇಷ್ಟು ಭಾರ ಹೇರಿದ್ರೆ ಇನ್ನೇನಾಗತ್ತೆ, ಇನ್ನು ಚುಚ್ಚಿ ಪ್ರಯೋಜನ ಇಲ್ಲ, ಕೃತಕ ಮಂಡಿ ಹಾಕಬಹುದು, ನಡೀತೀರಿ, ಮಂಡಿಯೂರೋ ಕೆಲಸ ಮಾತ್ರ ಮರೆತುಬಿಡಿ, ಮರೆಯೋದೇನು, ನಿಂತು ಹಾಕೋ ಟೈಲ್ಸೂ ಇದೆ, ಗೋಡೆಯದು, ಗೋಡೆಗೆ ನನ್ನಷ್ಟು ನೇರ ಹಾಕುವವನು ಇನ್ನೂ ಹುಟ್ಟಿಲ್ಲ, ಆದರೆ ಗೋಡೆಯ ಮೊದಲ ಸಾಲೂ ನೆಲದಿಂದಲೇ ಶುರು, ಬಿಳಿಯ ಮೇಲೆ ಬಿಳಿ, ಹೆಂಡತಿ ಎದ್ದು ಗಾಜಿನ ಹತ್ತಿರ ಹೋಗಿದ್ದಾಳೆ, ಆ ಗೆರೆ ಎಲ್ಲಿ ಹೋಯ್ತು ರೀ, ಅವಳಿಗೆ ಏನಾದರೂ ಹೇಳಬೇಕು, ನೀನು ತಿನ್ನಿಸಿದ್ದರಿಂದ ಅಲ್ಲ ಕಣೇ ಅಂತ, ಬ್ರಹ್ಮಾಂಡದಷ್ಟು ದೊಡ್ಡ ಸುಳ್ಳು, ನಾನು ಹೇಳದ ಸುಳ್ಳೇ ಇಲ್ಲ, ಒಂದೂ ಬಾಯಿಗೆ ಬರುತ್ತಿಲ್ಲ, ಅವಳ ಉಗುರು ಗಾಜಿನ ಮೇಲೆ ಆಚೆ ಈಚೆ, ಗೆರೆ ಹುಡುಕುತ್ತ, ಬಿಳಿ, ಬಿಳಿಯ ಮೇಲೆ ಬಿಳಿ, ಅವಳ ಉಗುರು, ಬಿಳಿ